ಊಟದ ಸಿನಿಮಾಕ್ಕೆ ಚಿಕ್ಕಮ್ಮನ ಜೊತೆ

ಶುಕ್ರವಾರ

"ಬತ್ತೀನಿ ಕಣಪ್ಪ. ಆದ್ರೆ ಅಲ್ಲಿ ಯಾರಾದ್ರೂ ನನ್ನ ಕೈಗೆ ಸೌಟು ಕೊಟ್ರೆ ಮುಂದಿನ ಬಸ್ಸಿಗೇ ವಾಪಸ್."

ಫೋನಿನಲ್ಲಿ ಚಿಕ್ಕಮ್ಮ ಹಾಕಿದ ಷರತ್ತು ಇಷ್ಟೇ. ತುಮಕೂರಿನ ಗೆಳೆಯರು ಕೆಲವರು ಚಂದಾ ಎತ್ತಿ, ಊಟಕ್ಕೆ ಸಂಬಂಧಪಟ್ಟ ಸಿನಿಮಾಗಳನ್ನು ಮೂರು ದಿನ ತೋರಿಸುತ್ತೇವೆ ಅಂತ ಹೊರಟಿದ್ದರು. ಬ್ಯಾನರಿನಲ್ಲಿ ಒಂದು ಬಾಳೆ ಎಲೆ, ಎಲೆಯ ಮೇಲೆ ಫಿಲ್ಮ್ ರೀಲು. ಹೆಸರೇನಪ್ಪ ಅಂದರೆ, ಹೆಸರು ಹುಡುಕುವಷ್ಟರಲ್ಲಿ ಪ್ರಿಂಟಿಂಗ್ ಪ್ರೆಸ್ಸಿನವನು ಬಾಗಿಲು ಹಾಕಿಬಿಟ್ಟ ಅಂದರು. ಬೆಂಗಳೂರಿನಿಂದ ನಾನೊಬ್ಬನೇ ಹೋಗುವುದು ಬೇಸರ ಅನ್ನಿಸಿ, ಗುಬ್ಬಿ ಕಡೆಯ ಹಳ್ಳಿಯಲ್ಲಿರುವ ಚಿಕ್ಕಮ್ಮನನ್ನು ಕರೆದೆ. ಊಟದ ವಿಚಾರದಲ್ಲಿ ಅವಳಿಗಿಂತ ತಿಳಿದವರು ನಮ್ಮ ಮನೆತನದಲ್ಲಿ ಇಲ್ಲ.

ಚಿಕ್ಕಮ್ಮ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳಾಗಿದ್ದಳು. ಅಕ್ಷರ ದಾಸೋಹ 2002ರಲ್ಲಿ ಮೊದಲು ಉತ್ತರ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಶುರುವಾಗಿ, ಮಾರನೆಯ ವರ್ಷ ನಮ್ಮ ಕಡೆಗೂ ಬಂತಲ್ಲ, ಆವಾಗ ಸೇರಿದವಳು. ಅರವತ್ತು ತುಂಬಿದ ದಿನ ಒಂದು ಶಾಲು, ಒಂದು ಹಾರ ಹಾಕಿ ಕಳಿಸಿದರು. ಇಪ್ಪತ್ತು ವರ್ಷ ದಿನಾ ನೂರು ಚಿಲ್ಲರೆ ತಟ್ಟೆ. ಅದಾದ ಮೇಲೆ ಮದುವೆ ಮನೆಗೆ ಹೋದರೂ ಅವಳು ಅಡುಗೆ ಚಪ್ಪರದ ಕಡೆ ತಲೆ ಹಾಕಿಲ್ಲ. ಮೊದಲ ಸಾಲಿನಲ್ಲಿ ಕುರ್ಚಿ ಹಿಡಿದು ಕೂರುತ್ತಾಳೆ.

ನಾನು ಪ್ಯಾಸೆಂಜರ್ ಗಾಡಿ ಹಿಡಿದು ಕ್ಯಾತ್ಸಂದ್ರದಲ್ಲಿ ಇಳಿದೆ. ಅವಳು ಬಸ್ಸಿನಲ್ಲಿ ಬಂದು ಆಗಲೇ ತಟ್ಟೆ ಇಡ್ಲಿ ಹೋಟೆಲಿನ ಮುಂದೆ ಕೈಚೀಲ ತಬ್ಬಿಕೊಂಡು ನಿಂತಿದ್ದಳು. ಕ್ಯಾತ್ಸಂದ್ರದ ಇಡ್ಲಿ ತಿನ್ನದೆ ತುಮಕೂರಿಗೆ ಕಾಲಿಡುವುದು ನಮ್ಮಲ್ಲಿ ಅಪಶಕುನ. ಬಿಡದಿಯವರು ಕೇಳಿಸಿಕೊಂಡರೆ ಜಗಳಕ್ಕೆ ಬರುತ್ತಾರೆ, ಬರಲಿ. ಅಂಗೈ ಅಗಲದ ಇಡ್ಲಿ, ಮೇಲೆ ಕರಗುತ್ತಿರುವ ಬೆಣ್ಣೆ, ಪಕ್ಕದಲ್ಲಿ ಹಸಿರು ಮೆಣಸಿನಕಾಯಿ ಚಟ್ನಿ. ಚಿಕ್ಕಮ್ಮ ಇಡ್ಲಿಯ ಅಂಚನ್ನು ಎರಡು ಬೆರಳಲ್ಲಿ ಒತ್ತಿ ಬಿಟ್ಟಳು. ಅದು ಮೆಲ್ಲಗೆ ಮೇಲೆದ್ದಿತು. "ಸಬ್ಬಕ್ಕಿ ಹಾಕವ್ರೆ" ಅಂದಳು. ಇನ್ನು ಮೂರು ದಿನ ನಾನು ಏನೇನು ಕೇಳಬೇಕಾಗುತ್ತದೆ ಅನ್ನುವುದು ಅಲ್ಲೇ ಗೊತ್ತಾಯಿತು.

ಸಭಾಂಗಣದಲ್ಲಿ ಫ್ಯಾನು ಇದ್ದವು, ತಿರುಗುತ್ತಿರಲಿಲ್ಲ. ಉದ್ಘಾಟನೆ ಅಂತ ದೀಪದ ಬದಲು ಸೌದೆ ಒಲೆಯ ಮಾದರಿಯೊಂದನ್ನು ಹಚ್ಚಿದರು. ಹೊಗೆ ತುಂಬಿ ಎಲ್ಲರೂ ಕೆಮ್ಮಿದೆವು. ಗಡ್ಡದ ಹುಡುಗನೊಬ್ಬ ಮೈಕು ಹಿಡಿದು, ಬರ್ಲಿನ್ ಚಿತ್ರೋತ್ಸವದಲ್ಲಿ 2007ರಲ್ಲೇ ಊಟದ ಸಿನಿಮಾಗಳಿಗೆ ಅಂತ ಪ್ರತ್ಯೇಕ ವಿಭಾಗ ಶುರು ಮಾಡಿದರು, ಅಲ್ಲಿ ಸಿನಿಮಾ ಮುಗಿದ ಮೇಲೆ ದೊಡ್ಡ ದೊಡ್ಡ ಬಾಣಸಿಗರು ಆ ಸಿನಿಮಾದಿಂದಲೇ ಪ್ರೇರಣೆ ಪಡೆದ ಊಟ ಬಡಿಸುತ್ತಿದ್ದರು, ಸ್ಪೇನಿನ ಸಾನ್ ಸೆಬಾಸ್ಟಿಯನ್‌ನಲ್ಲಿ 2011ರಿಂದ ಅಂಥದ್ದೇ ಇದೆ ಅಂತೆಲ್ಲ ಹೇಳಿದ. ಚಿಕ್ಕಮ್ಮ ನನ್ನ ಕಿವಿಯಲ್ಲಿ, "ಹಂಗಾರೆ ಇಲ್ಲೂ ಸಿನಿಮಾ ಆದ್ಮೇಲೆ ಊಟ ಐತಾ?" ಅಂದಳು. ಇತ್ತು. ಪ್ಲಾಸ್ಟಿಕ್ ಡಬ್ಬಿಯಲ್ಲಿ ತಣ್ಣಗಾದ ಪಲಾವು, ಮೇಲೆ ನಾಲ್ಕು ಗೋಬಿ ಮಂಚೂರಿ. ಊಟದ ಬಗ್ಗೆ ಜಗತ್ತಿನ ಅತ್ಯುತ್ತಮ ಸಿನಿಮಾಗಳನ್ನು ಆರಿಸಿದವರು ಊಟವನ್ನು ಆರಿಸಿದ್ದು ಹೀಗೆ. ಗೆಳೆಯರು ಇದನ್ನು ಓದಿ ಬೇಜಾರಾದರೆ ಆಗಲಿ.

ಮೊದಲ ಸಿನಿಮಾ ಶ್ಯಾಮ್ ಬೆನೆಗಲ್ ಅವರ 'ಮಂಥನ್', 1976ರದ್ದು. ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಹಾಕಿ ತೆಗೆಸಿದ ಸಿನಿಮಾ ಅದು. ಹಾಗಂತ ತೆರೆಯ ಮೇಲೆ ಬರುತ್ತಲೇ ಸಭೆಯಲ್ಲಿ ಗುಜುಗುಜು. ಡೈರಿಗೆ ಹಾಲು ಹಾಕುವವರು ಅರ್ಧಕ್ಕರ್ಧ ಇದ್ದರು ಅಂತ ಕಾಣುತ್ತದೆ. ಗಿರೀಶ ಕಾರ್ನಾಡರು ರೈಲಿನಿಂದ ಇಳಿದಾಗ "ನಮ್ಮೋರು" ಅಂತ ಹಿಂದಿನ ಸಾಲಿನಿಂದ ಶಿಳ್ಳೆ ಬಂತು. ಅವರು ಡಾಕ್ಟರ್ ರಾವ್. ಹಳ್ಳಿಗೆ ಬಂದು ಸಹಕಾರ ಸಂಘ ಕಟ್ಟಲು ಹೊರಟವರು. ಹಾಲಿಗೆ ಕಾಸು ಕೊಟ್ಟು ಕಾಸಿಗಿಂತ ಹೆಚ್ಚು ಕಸಿಯುವ ಖಾಸಗಿ ಡೈರಿಯವನಾಗಿ ಅಮರೀಶ್ ಪುರಿ. ಸ್ಮಿತಾ ಪಾಟೀಲ್ ಬಿಂದು.

ಹಿಂದಿ ಚಿಕ್ಕಮ್ಮನಿಗೆ ಬರುವುದಿಲ್ಲ. ಪಿಸುಗುಟ್ಟುತ್ತಾ ಅನುವಾದ ಮಾಡುವ ಕೆಲಸ ನನ್ನದು. ಹತ್ತು ನಿಮಿಷದಲ್ಲೇ "ಸುಮ್ನಿರು, ನಂಗೆ ಕಾಣ್ತದೆ" ಅಂದಳು. ಅವಳು ನೋಡುತ್ತಿದ್ದುದು ಕೈಗಳನ್ನು. ಹಾಲಿನ ಮಾದರಿ ತೆಗೆದುಕೊಳ್ಳುವ ಡಾಕ್ಟರರ ಕೈ, ಮಡಕೆ ಹಿಡಿದ ಬಿಂದುವಿನ ಕೈ. "ಈ ವಯ್ಯ ಹಾಲು ಕರ್ದೋನಲ್ಲ. ಅವ್ಳು ಕರ್ದಿರೋಳು" ಎಂಬ ತೀರ್ಪು ಬಂತು. ಸ್ಮಿತಾ ಪಾಟೀಲ್ ಮರಾಠಿ ರಾಜಕಾರಣಿಯ ಮಗಳು, ಮುಂಬಯಿಯ ಟಿ.ವಿ.ಯಲ್ಲಿ ವಾರ್ತೆ ಓದುತ್ತಿದ್ದವರು ಅಂತ ಹೇಳಲು ಬಾಯಿ ತೆರೆದವನು ಮುಚ್ಚಿಕೊಂಡೆ. ಹಾಗೆ ನಂಬಿಸಿದ್ದರಲ್ಲ, ಅಷ್ಟು ಸಾಕು.

ರಾತ್ರಿ ಲಾಡ್ಜಿನ ವರಾಂಡದಲ್ಲಿ ಕೂತಾಗ ಹಾಲಿನ ಮಾತೇ ಮುಂದುವರಿಯಿತು. 2013ರ ಆಗಸ್ಟ್ 1ಕ್ಕೆ ಕ್ಷೀರಭಾಗ್ಯ ಬಂದಾಗ ಶಾಲೆಗೆ ಹಾಲಿನ ಪುಡಿಯ ಪೊಟ್ಟಣಗಳು ಬಂದವಂತೆ. ಒಂದು ಮಗುವಿಗೆ 18 ಗ್ರಾಂ ಪುಡಿ, 150 ಎಂ.ಎಲ್. ಹಾಲು. ಬಿಸಿ ನೀರಿಗೆ ಒಮ್ಮೆಗೇ ಸುರಿದರೆ ಗಂಟು. ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿಕೊಂಡು ಆಮೇಲೆ ಕುದಿಯುವ ನೀರಿಗೆ ಬಿಡಬೇಕು. "ಅದನ್ನ ಯಾರೂ ಹೇಳ್ಕೊಡ್ಲಿಲ್ಲ. ಮೊದಲ್ನೇ ದಿನ ನೂರು ಲೋಟ ಗಂಟು. ಹುಡುಗ್ರು ಗಂಟನ್ನೇ ಪೇಡಾ ಅಂತ ತಿಂದ್ವು." ಹಾಲು ಕರೆಯುವ ಮನೆಯ ಮಕ್ಕಳು ಶಾಲೆಯಲ್ಲಿ ಪುಡಿ ಹಾಲು ಕುಡಿದದ್ದು ಅವಳಿಗೆ ಇವತ್ತಿಗೂ ಸೋಜಿಗ. ಹಾಲೆಲ್ಲ ಬೆಳಗ್ಗೆ ಆರಕ್ಕೇ ಡೈರಿಗೆ ಹೋಗಿರುತ್ತಿತ್ತು.

ಶನಿವಾರ

ಈ ದಿನ ಹಬ್ಬ ಊರು ಬಿಟ್ಟು ತೋಟಕ್ಕೆ ಹೋಗುವ ದಿನ. ಗುಬ್ಬಿ ತಾಲ್ಲೂಕಿನಲ್ಲಿ ಒಬ್ಬರ ತೆಂಗಿನ ತೋಟ, ಎರಡು ಮರಗಳ ನಡುವೆ ಬಿಳಿ ಪರದೆ, ಬಾಡಿಗೆ ಜನರೇಟರು. ಜೂನ್ ತಿಂಗಳಲ್ಲಿ ಬಯಲಲ್ಲಿ ಸಿನಿಮಾ ತೋರಿಸುವ ಧೈರ್ಯ ಮಾಡಿದ್ದಾರೆ ಅಂದರೆ ಅವರು ರೈತರ ಮಕ್ಕಳಲ್ಲ ಅಂತ ಬೆಳಗ್ಗೆಯೇ ಚಿಕ್ಕಮ್ಮ ಹೇಳಿದ್ದಳು.

ಸಂಜೆಯವರೆಗೆ ಸಮಯವಿತ್ತು. ಗುಬ್ಬಿಯಲ್ಲಿ ಕಾಫಿ ಕುಡಿದು, ಚೇಳೂರಿನ ಕಡೆ ಹೋದೆವು. ಹಲಸಿನ ಕಾಲದಲ್ಲಿ ಚೇಳೂರು ನೋಡಬೇಕು. ರಸ್ತೆಯ ಬದಿಯಲ್ಲಿ ಹಣ್ಣಿನ ರಾಶಿ, ಲಾರಿಯಲ್ಲಿ ಹಣ್ಣು, ಆಟೋದಲ್ಲಿ ಹಣ್ಣು, ಗಾಳಿಯಲ್ಲೂ ಹಣ್ಣು. ಈ ಚೇಳೂರಿನ ರೈತ ಸಿದ್ದಪ್ಪನವರು ಬೆಳೆಸಿದ ಒಂದು ಮರದ್ದೇ 'ಸಿದ್ದು' ಹಲಸು. ತಾಮ್ರಗೆಂಪು ತೊಳೆ, ಗಾತ್ರದಲ್ಲಿ ಸಣ್ಣದು, ಒಂದು ಹಣ್ಣು ಎರಡೂವರೆ ಕೆ.ಜಿ. ಆಸುಪಾಸು, ಒಂದು ಮನೆಗೆ ಒಂದು ಹೊತ್ತಿಗೆ ಸರಿ. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಆ ಮರವನ್ನು ಗುರುತಿಸಿ, ಅವರ ಹೆಸರನ್ನೇ ತಳಿಗೆ ಇಟ್ಟರು. ಕಸಿ ಸಸಿ ಮಾರಿದ ದುಡ್ಡಿನಲ್ಲಿ ಹೆಚ್ಚಿನ ಪಾಲು ಮರದ ಮನೆಯವರಿಗೇ ಅಂತ ಒಪ್ಪಂದವೂ ಆಯಿತು. ಒಂದು ಮರದ ಕಥೆಯೇ ಒಂದು ಸಿನಿಮಾ ಆಗುತ್ತದೆ, ಯಾರೂ ತೆಗೆದಂತಿಲ್ಲ ಅಂದೆ. "ಮರ ನಿಂತ್ಕಂಡಿರ್ತದೆ, ಏನ್ ತೆಗೀತಿಯಾ?" ಎಂದು ಚಿಕ್ಕಮ್ಮ ಕೈಗೆ ಎಣ್ಣೆ ಹಚ್ಚಿಕೊಂಡು ತೊಳೆ ಬಿಡಿಸಿದಳು. ಬೀಜಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಹಲಸಿನ ಬೀಜ ಹಾಕಿದ ಸೊಪ್ಪಿನ ಸಾರು ಉಂಡವರಿಗೆ ಆ ಗಂಟಿನ ಬೆಲೆ ಗೊತ್ತು.

ತೋಟ ತಲುಪಿದಾಗ ಅಡುಗೆಯ ಕಡೆ ಗಲಾಟೆ. ಇವತ್ತಿನದು ಡಬ್ಬಿ ಊಟವಲ್ಲ, ಹಿಟ್ಟು ಮತ್ತು ಹುರುಳಿಕಾಳಿನ ಬಸ್ಸಾರು. ಮುದ್ದೆಗೆ ನಮ್ಮ ಕಡೆ ಹಿಟ್ಟು ಅಂತಲೇ ಹೆಸರು. ನೂರಿಪ್ಪತ್ತು ಜನಕ್ಕೆ ಹಿಟ್ಟು ತೊಳಸುವುದು ಹುಡುಗಾಟವಲ್ಲ. ಕೊಪ್ಪರಿಗೆಗೆ ಕವೆಗೋಲು ಕೊಟ್ಟು ಇಬ್ಬರು ಗಟ್ಟಿಯಾಗಿ ಹಿಡಿಯಬೇಕು, ಒಬ್ಬ ಕೋಲು ತಿರುವಬೇಕು. ಇಲ್ಲಿ ತಿರುವುತ್ತಿದ್ದ ಹುಡುಗನಿಗೆ ಮೀಸೆ ಇತ್ತು, ತೋಳು ಇತ್ತು, ಹದ ಇರಲಿಲ್ಲ. ಎಸರು ಮರಳುವ ಮೊದಲೇ ಹಿಟ್ಟು ಸುರಿದಿದ್ದ. ಗೆಳೆಯನೊಬ್ಬ ಓಡಿ ಬಂದು ಚಿಕ್ಕಮ್ಮನ ಮುಂದೆ ಕೈಮುಗಿದ. "ಅಮ್ಮ, ನೀವೊಂದು ಸಲ..."

ಅವಳು ಕುರ್ಚಿ ಬಿಟ್ಟು ಏಳಲಿಲ್ಲ. ಕೂತಲ್ಲಿಂದಲೇ, "ಉರಿ ತಗ್ಸು. ಮುಚ್ಚಿಡು. ಹತ್ತು ನಿಮಿಷ ಯಾರೂ ಮುಟ್ಬೇಡಿ" ಎಂದಳು. ಹತ್ತು ನಿಮಿಷವಾದ ಮೇಲೆ, "ಈಗ ತಿರುವು. ಗೋಡೆಗೆ ಒತ್ತಿ ತಿರುವಪ್ಪ, ನಡುವೆ ಅಲ್ಲ." ಹುಡುಗ ಬೆವರಿಳಿಸಿ ತಿರುವಿದ. ಹಿಟ್ಟು ಕೂಡಿಕೊಂಡಿತು. ಅಲ್ಲೊಂದು ಇಲ್ಲೊಂದು ಗಂಟು ಉಳಿದಿತ್ತು ಅನ್ನಿ. ಚಿಕ್ಕಮ್ಮನ ಕೈ ಮಾತ್ರ ಮಡಿಲಲ್ಲೇ ಇತ್ತು.

ಏಳೂವರೆಗೆ ಕತ್ತಲಾಯಿತು. ಮೊದಲಿಗೆ 'ಬೇಡರ ಕಣ್ಣಪ್ಪ'. ಇದು ಊಟದ ಸಿನಿಮಾ ಹೇಗೆ ಅಂತ ಕರಪತ್ರ ನೋಡಿದಾಗ ನನಗೂ ಅನ್ನಿಸಿತ್ತು. ಆದರೆ ಯೋಚಿಸಿ ನೋಡಿ. ಬೇಡನೊಬ್ಬ ತಾನು ರುಚಿ ನೋಡಿ ಒಳ್ಳೆಯದು ಅನ್ನಿಸಿದ ಮಾಂಸವನ್ನೇ ಶಿವನಿಗೆ ಎಡೆ ಇಡುತ್ತಾನೆ. ಮಡಿಯ ಪೂಜಾರಿ ಹೌಹಾರುತ್ತಾನೆ. ಶಿವ ಯಾರ ಎಡೆ ಒಪ್ಪಿದ ಅನ್ನುವುದೇ ಕಥೆ. ಎಂಟುನೂರು ವರ್ಷದ ಹಿಂದೆ ಹರಿಹರ ರಗಳೆ ಬರೆದದ್ದೂ ಈ ಕಣ್ಣಪ್ಪನ ಮೇಲೆಯೇ. ಎಡೆಯಲ್ಲಿ ಏನಿಡಬಹುದು, ಯಾರಿಡಬಹುದು ಅನ್ನುವ ಜಗಳ ಇನ್ನೂ ಮುಗಿದಿಲ್ಲದ ನಾಡಿನಲ್ಲಿ ಇದಕ್ಕಿಂತ ಊಟದ ಸಿನಿಮಾ ಬೇರೆ ಯಾವುದು? ಅದರಲ್ಲಿನ ಹೆಸರಾಂತ ಹಾಡು ಕೂಡ ಹಸಿದವನೊಬ್ಬನ ಮೊರೆಯೇ.

ಅದನ್ನು ಗುಬ್ಬಿಯ ನೆಲದಲ್ಲಿ ನೋಡುವುದಕ್ಕೆ ಇನ್ನೊಂದು ಅರ್ಥವಿದೆ. 1954ರಲ್ಲಿ ಅದನ್ನು ತೆಗೆದದ್ದು ಗುಬ್ಬಿ ವೀರಣ್ಣನವರ ಸಂಸ್ಥೆ. 1884ರಲ್ಲಿ ಇದೇ ಊರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಮೇಳದಲ್ಲಿ ಬೆಳೆದ ಮುತ್ತುರಾಜ ಆ ಸಿನಿಮಾದಿಂದ ರಾಜ್‌ಕುಮಾರ್ ಆದರು. ನರಸಿಂಹರಾಜು ಅವರ ಮುಖವೂ ಬೆಳ್ಳಿತೆರೆಗೆ ಬಂದದ್ದು ಅದರಲ್ಲೇ. ನರಸಿಂಹರಾಜು ಪಕ್ಕದ ತಿಪಟೂರಿನವರು. ಅವರು ಕಾಣಿಸಿಕೊಂಡಾಗಲೆಲ್ಲ ತೋಟದಲ್ಲಿ ಕೂತ ಮುದುಕರು ಅಳಿಯ ಮನೆಗೆ ಬಂದ ಹಾಗೆ ಸರಿದು ಕೂರುತ್ತಿದ್ದರು. ಹಾಡು ಬಂದಾಗ ಪರದೆಯ ದನಿ ಯಾರಿಗೂ ಕೇಳಿಸಲಿಲ್ಲ, ಇಡೀ ತೋಟ ಹಾಡುತ್ತಿತ್ತು. ಕಣ್ಣಪ್ಪ ಕಣ್ಣು ಕೀಳುವಾಗ ಮುಂದಿದ್ದ ಮಗು ತಾಯಿಯ ಸೆರಗಿಗೆ ಮುಖ ಹುದುಗಿಸಿತು. ಚಿಕ್ಕಮ್ಮ ಕಣ್ಣೊರೆಸಿಕೊಂಡು, "ಬಾಡು ರುಚಿ ನೋಡಿ ಇಟ್ಟ ನೋಡು. ಉಪ್ಪು ನೋಡ್ದೆ ಮಕ್ಕಳಿಗೆ ಬಡಿಸ್ತಾರಾ?" ಅಂದಳು. ಬಿಸಿಯೂಟದಲ್ಲಿ ಮಕ್ಕಳಿಗೆ ಬಡಿಸುವ ಮುಂಚೆ ಮೇಷ್ಟ್ರೊಬ್ಬರು ರುಚಿ ನೋಡಬೇಕು ಅನ್ನುವ ನಿಯಮವಿದೆ. ಅವಳ ಪ್ರಕಾರ ಕಣ್ಣಪ್ಪ ಮಾಡಿದ್ದು ಅದನ್ನೇ. ಪೂಜಾರಿಗೆ ನಿಯಮ ಗೊತ್ತಿರಲಿಲ್ಲ.

ಊಟದ ಹೊತ್ತಿಗೆ ಮಳೆ ಬಂತು. ಬರುವುದು ಅಂದರೆ ಹೇಳಿ ಕೇಳಿ ಬರುವ ಮಳೆಯಲ್ಲ, ಮಡಕೆ ಒಡೆದ ಹಾಗೆ. ಪರದೆ ಒದ್ದೆ ಸೀರೆಯಾಗಿ ಮರಕ್ಕೆ ಸುತ್ತಿಕೊಂಡಿತು. ಪ್ರೊಜೆಕ್ಟರನ್ನು ಒಬ್ಬ ಮಗುವಿನ ಹಾಗೆ ಅಂಗಿಯೊಳಗೆ ಇಟ್ಟುಕೊಂಡು ಓಡಿದ. ಎಲ್ಲರೂ ತಟ್ಟೆ ಸಮೇತ ತೋಟದ ಕೊಬ್ಬರಿ ಮನೆಗೆ ನುಗ್ಗಿದೆವು.

ಕೊಬ್ಬರಿ ಮನೆ ನೋಡದವರಿಗೆ ಹೇಳಬೇಕು. ಕೆಳಗೆ ಖಾಲಿ ನೆಲ, ಮೇಲೆ ಬಿದಿರು, ಅಡಿಕೆ ದಬ್ಬೆಯ ಅಟ್ಟ. ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಆ ಅಟ್ಟಕ್ಕೆ ಏರಿಸಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲುಗಾಡಿಸಿದರೆ ಗಡಗಡ ಅಂದರೆ ಗಿಟುಕು ಆಯಿತು ಅಂತ. ಆಮೇಲೆ ಸುಲಿದು, ಒಡೆದು, ತಿಪಟೂರಿನ ಮಾರುಕಟ್ಟೆಗೆ. ಬಿಸಿಲಿಗೆ ಒಡೆದು ಒಣಗಿಸುವ ಕೊಬ್ಬರಿಯಲ್ಲ ನಮ್ಮದು. ಕತ್ತಲಲ್ಲಿ, ಕಾಯಿಯೊಳಗೇ ಆಗುವ ಕೊಬ್ಬರಿ. ಈ ಅಟ್ಟದಲ್ಲಿ ಸಾವಿರಾರು ಕಾಯಿ ಇದ್ದವು. ಮಳೆಯ ಸದ್ದಿನಲ್ಲಿ, ಹಣ್ಣಾಗುತ್ತಿರುವ ಎಣ್ಣೆಯ ವಾಸನೆಯಲ್ಲಿ, ನೂರಿಪ್ಪತ್ತು ಜನ ಕಾಲು ಮಡಚಿ ಕೂತೆವು. ಗೋಡೆಗೆ ಸುಣ್ಣ ಹೊಡೆದಿದ್ದರು. ಅದೇ ಪರದೆಯಾಯಿತು.

ಮುಂದಿನ ಸಿನಿಮಾ ಫ್ರಾನ್ಸಿನ ಆನ್ಯೆಸ್ ವಾರ್ದಾ 2000ರಲ್ಲಿ ಮಾಡಿದ ಸಾಕ್ಷ್ಯಚಿತ್ರ. ಕರಪತ್ರದಲ್ಲಿ ಅದರ ಹೆಸರನ್ನು 'ಸಂಗ್ರಾಹಕರು ಮತ್ತು ನಾನು' ಅಂತ ಕನ್ನಡ ಮಾಡಿದ್ದರು. ಯಾವುದೋ ನಾಣ್ಯ ಸಂಗ್ರಹದ ಸಿನಿಮಾ ಇರಬೇಕು ಅಂದುಕೊಂಡವರೇ ಹೆಚ್ಚು. ಗೋಡೆಯ ಮೇಲೆ ಕೊಯ್ಲು ಮುಗಿದ ಹೊಲ ಬಂತು, ಬಗ್ಗಿ ಉಳಿದ ತೆನೆ ಆಯುವ ಹೆಂಗಸರ ಹಳೆಯ ಚಿತ್ರ ಬಂತು. ನಾನು ಚಿಕ್ಕಮ್ಮನ ಕಿವಿಯಲ್ಲಿ, "ಕೊಯ್ದಾದ ಮೇಲೆ ಬಿದ್ದಿದ್ದನ್ನ ಆಯ್ಕೊಳ್ಳೋರ ಬಗ್ಗೆ" ಅಂತ ಶುರು ಮಾಡಿದೆ.

"ಹಕ್ಕಲು ಅನ್ನು" ಅಂದಳು ಅವಳು, ಜೋರಾಗಿ.

ಆ ಮಾತು ಕೊಬ್ಬರಿ ಮನೆಯಲ್ಲಿ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಯಿತು. ಹಕ್ಕಲು, ಹಕ್ಕಲು. ಅಲ್ಲಿಂದ ಮುಂದೆ ಯಾರಿಗೂ ಸಬ್‌ಟೈಟಲ್ ಬೇಕಾಗಲಿಲ್ಲ. ಹದಿಹರೆಯದ ಹುಡುಗರಿಗೆ ಗೊತ್ತಿರಲಿಲ್ಲ, ಅವರಿಗೆ ಅಕ್ಕಪಕ್ಕದ ಅಜ್ಜಿಯರು ವಿವರಿಸಿದರು. ರಾಗಿ ತೆನೆ ಹಕ್ಕಲು, ಹುಣಸೆ ಬಡಿದಾದ ಮೇಲೆ ಮರದಡಿಯ ಹಕ್ಕಲು, ಎಲ್ಲಕ್ಕಿಂತ ಹೆಚ್ಚಾಗಿ ಕಡ್ಲೇಕಾಯಿ ಹಕ್ಕಲು. ಶಿರಾ, ಪಾವಗಡದ ಕಡೆ ಗಿಡ ಕಿತ್ತಾದ ಮೇಲೆ ಮಣ್ಣಲ್ಲೇ ಉಳಿದ ಕಾಯಿಯನ್ನು ಕೆದಕಿ ತೆಗೆಯುವುದು ಮಕ್ಕಳ ಕೆಲಸ, ಹೆಂಗಸರ ಕೆಲಸ. ಚಿಕ್ಕಮ್ಮ ತನ್ನ ಮೊದಲ ಬೆಳ್ಳಿ ಕಾಲುಂಗುರ ತಗೊಂಡದ್ದು ಒಂದು ಕಾರ್ತಿಕದ ಹಕ್ಕಲು ಕಾಯಿ ಮಾರಿಯಂತೆ. ಇಷ್ಟು ವರ್ಷ ನನಗಿದು ಗೊತ್ತಿರಲಿಲ್ಲ.

ಸಿನಿಮಾದಲ್ಲಿ ಆಲೂಗಡ್ಡೆ. ಅಂಗಡಿಗೆ ಬೇಕಾದ ಅಳತೆಗಿಂತ ದೊಡ್ಡವು, ಸಣ್ಣವು, ಸೊಟ್ಟವು ಎಲ್ಲ ಲಾರಿಗಟ್ಟಲೆ ಹೊಲದಲ್ಲಿ ಸುರಿದು ಹೋಗುತ್ತಾರೆ. ಅದರಲ್ಲಿ ಹೃದಯದ ಆಕಾರದ ಗೆಡ್ಡೆಗಳನ್ನು ವಾರ್ದಾ ಆರಿಸಿ ಮನೆಗೆ ಒಯ್ಯುತ್ತಾರೆ. ಒಂದು ಕಡೆ ಕರಿ ನಿಲುವಂಗಿ ತೊಟ್ಟ ವಕೀಲರು ಹೊಲದ ನಡುವೆ ನಿಂತು, ಕೆಂಪು ಪುಸ್ತಕ ಹಿಡಿದು, ಕೊಯ್ಲಿನ ನಂತರ ಹಗಲು ಹೊತ್ತಿನಲ್ಲಿ ಹಕ್ಕಲು ಆಯುವುದು ಕಾನೂನು ಪ್ರಕಾರ ತಪ್ಪಲ್ಲ, 1554ರ ರಾಜಾಜ್ಞೆಯಿಂದಲೂ ಹೀಗೇ ಇದೆ ಅಂತ ಓದುತ್ತಾರೆ. ಕೊಬ್ಬರಿ ಮನೆ ಬಿದ್ದು ಬಿದ್ದು ನಕ್ಕಿತು. "ನಮ್ಮ ಗೌಡ್ರು ಅರ್ಧ ಕೊಟ್ಟೋಗು ಅಂತಿದ್ರು. ಈ ವಯ್ಯನ್ನ ಕರ್ಕೊಂಡು ಹೋಗ್ಬೇಕಾಗಿತ್ತು" ಎಂದರು ಹಿಂದಿನಿಂದ ಯಾರೋ ಅಜ್ಜಿ.

ವಾರ್ದಾ ಆಗ ಎಪ್ಪತ್ತು ದಾಟಿದವರು. ಚಿಕ್ಕ ಡಿಜಿಟಲ್ ಕ್ಯಾಮೆರಾ ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯನ್ನೇ ಚಿತ್ರಿಸಿಕೊಳ್ಳುತ್ತಾರೆ. ಸುಕ್ಕು, ಕಲೆ, ನರ. ಸುಣ್ಣದ ಗೋಡೆಯ ತುಂಬ ಒಂದು ಮುದಿ ಕೈ. ಚಿಕ್ಕಮ್ಮ ತನ್ನ ಕೈಯನ್ನು ಬೆಳಕಿಗೆ ಹಿಡಿದು ನೋಡಿದಳು. ಎಡ ಮುಂಗೈಯಲ್ಲಿ ಸಾರು ಚೆಲ್ಲಿ ಸುಟ್ಟ ಗಾಯ, ನಾನು ಚಿಕ್ಕಂದಿನಿಂದ ನೋಡಿಲ್ಲದ್ದು, ಶಾಲೆಯ ಕಾಲದ್ದಿರಬೇಕು. "ಈ ವಮ್ಮ ಅಡುಗೆ ಮಾಡಿದ್ರೋ ಇಲ್ವೋ, ಕೈಯಂತೂ ನಮ್ಮದೇ" ಅಂದಳು. ಮೂರು ದಿನದಲ್ಲಿ ಅವಳು ಪೂರ್ತಿ ಅಂಕ ಕೊಟ್ಟದ್ದು ಇದೊಂದಕ್ಕೇ.

ಮಳೆ ನಿಂತಿದ್ದು ಹನ್ನೊಂದರ ಮೇಲೆ. ಹೊರಡುವಾಗ ಪಾವಗಡದ ಕಡೆಯ ಹಿರಿಯರೊಬ್ಬರು ಸಂಘಟಕರನ್ನು ಹಿಡಿದುಕೊಂಡು, "ಊಟದ ಸಿನಿಮಾ ಅಂತೀರಾ, ಮಾಯಾ ಬಜಾರ್ ಇಲ್ಲ ಅಂದ್ರೆ ಏನ್ರೀ ಅರ್ಥ?" ಎಂದು ಜಗಳ ತೆಗೆದರು. ಅವರ ಮಾತು ನಿಜ. ತೆಲುಗಿನ 1957ರ ಆ ಚಿತ್ರದಲ್ಲಿ ಎಸ್.ವಿ. ರಂಗಾರಾವ್ ಘಟೋತ್ಕಚನಾಗಿ ಮದುವೆ ಅಡುಗೆಯನ್ನೆಲ್ಲ ಒಬ್ಬರೇ ಖಾಲಿ ಮಾಡುವುದು, ಲಾಡು ತಾನಾಗಿಯೇ ಹಾರಿ ಬಾಯಿಗೆ ಬೀಳುವುದು ನೋಡದೆ ಗಡಿ ಭಾಗದಲ್ಲಿ ಯಾರೂ ದೊಡ್ಡವರಾಗಿಲ್ಲ. ಮುಂದಿನ ಸಲ ಖಂಡಿತ ಅಂದರು. ಮುಂದಿನ ಸಲ ಇದ್ದರೆ.

ಭಾನುವಾರ

ಬೆಳಗ್ಗೆ ಸಿದ್ಧಗಂಗೆ. ನಿದ್ದೆಗಣ್ಣಲ್ಲಿ ಬೆಟ್ಟದ ಮೆಟ್ಟಿಲು ಹತ್ತಿ ಇಳಿದದ್ದು ಬಿಟ್ಟರೆ ಅಲ್ಲಿ ನಾವು ಮಾಡಿದ್ದು ಊಟ ಒಂದೇ. ಮಠದಲ್ಲಿ ಓದುವ ಸಾವಿರಾರು ಮಕ್ಕಳಿಗೂ, ಬಂದ ಯಾರಿಗೇ ಆದರೂ ದಿನಾ ದಾಸೋಹ. 2019ರ ಜನವರಿ 21ರಂದು, 111ನೆಯ ವಯಸ್ಸಿನಲ್ಲಿ ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದಾಗ ತಾನು ಅಡುಗೆ ಮಾಡಿ ಮುಗಿಸಿ, ಪಾತ್ರೆ ತೊಳೆದು, ಲಾರಿ ಹತ್ತಿ ಇಲ್ಲಿಗೆ ಬಂದದ್ದನ್ನು ಚಿಕ್ಕಮ್ಮ ನೆನೆದಳು. ಅವತ್ತೂ ಲಕ್ಷಾಂತರ ಜನಕ್ಕೆ ಊಟ ನಿಂತಿರಲಿಲ್ಲ.

ಪಂಕ್ತಿಯಲ್ಲಿ ಕೂತು ಅನ್ನ ಸಾರು ಕಲಸುತ್ತಾ, "ಒಂದರಿಂದ ಐದನೇ ಕ್ಲಾಸಿಗೆ ತಲಾ ನೂರು ಗ್ರಾಂ ಅಕ್ಕಿ, ಆರರ ಮೇಲೆ ನೂರೈವತ್ತು. ಇಲ್ಲಿ ಹೆಂಗೆ ಅಳೀತಾರೆ?" ಎಂದು ಬಡಿಸುವ ಹುಡುಗನನ್ನು ಕೇಳಿದಳು. ಅವನು "ಅಳೆಯಲ್ಲಮ್ಮ, ಸಾಕು ಅನ್ನೋವರೆಗೆ ಹಾಕ್ತೀವಿ" ಅಂದ. ಅವಳು ಎರಡನೆಯ ಸಲ ಅನ್ನ ಹಾಕಿಸಿಕೊಂಡಳು, ಸಾಮಾನ್ಯಕ್ಕೆ ಹಾಕಿಸಿಕೊಳ್ಳುವವಳಲ್ಲ.

ಸಂಜೆ ಮತ್ತೆ ಅದೇ ಸಭಾಂಗಣ. ಫ್ಯಾನು ಈಗ ತಿರುಗುತ್ತಿದ್ದವು, ಮಳೆ ಬಂದು ಬೇಕಿರಲಿಲ್ಲ. ಕಡೆಯ ಚಿತ್ರ ಡೆನ್ಮಾರ್ಕಿನ 'ಬಾಬೆಟ್ಸ್ ಫೀಸ್ಟ್', 1987ರದ್ದು, ಆಸ್ಕರ್ ಪಡೆದದ್ದು. ಕಥೆಯನ್ನು ಚಿಕ್ಕಮ್ಮನಿಗೆ ಮೊದಲೇ ಹೇಳಿದ್ದೆ. ಪ್ಯಾರಿಸ್ಸಿನ ಗಲಭೆಯಲ್ಲಿ ಎಲ್ಲ ಕಳಕೊಂಡು ಬಂದ ಬಾಬೆಟ್ ಕಡಲ ತೀರದ ಹಳ್ಳಿಯಲ್ಲಿ ಇಬ್ಬರು ಧರ್ಮನಿಷ್ಠ ಅಕ್ಕತಂಗಿಯರ ಮನೆಯಲ್ಲಿ ಅಡುಗೆಗೆ ಸೇರುತ್ತಾಳೆ. ಅವರು ಅವಳಿಗೆ ಕಲಿಸುವುದು ಒಣಮೀನು ನೆನೆಹಾಕುವುದನ್ನು, ಬ್ರೆಡ್ಡನ್ನು ಬಿಯರಿನಲ್ಲಿ ಬೇಯಿಸಿ ಗಂಜಿ ಮಾಡುವುದನ್ನು. ಹದಿನಾಲ್ಕು ವರ್ಷ ಅದನ್ನೇ ಬೇಯಿಸುತ್ತಾಳೆ. ಲಾಟರಿಯಲ್ಲಿ 10,000 ಫ್ರಾಂಕ್ ಬಂದಾಗ ಒಂದು ರಾತ್ರಿ ಊಟ ಹಾಕಿಸುತ್ತೇನೆ ಅನ್ನುತ್ತಾಳೆ.

ಜೀವಂತ ಆಮೆ ಬಂಡಿಯಲ್ಲಿ ಬಂದಾಗ ಸಭೆ "ಅಯ್ಯೋ" ಅಂದಿತು. ಮೇಜಿನ ಸುತ್ತ ಹನ್ನೆರಡು ಜನ. ಈ ಊಟದಲ್ಲಿ ಏನೋ ಮಾಟವಿರಬೇಕು ಎಂದು ಹೆದರಿದ ಹಳ್ಳಿಯವರು, ರುಚಿಯ ಬಗ್ಗೆ ಒಂದೇ ಒಂದು ಮಾತೂ ಆಡುವುದಿಲ್ಲ ಅಂತ ಆಣೆ ಹಾಕಿಕೊಂಡು ಕೂತಿರುತ್ತಾರೆ. ಅತಿಥಿಯಾಗಿ ಬಂದ ಸೇನಾಧಿಕಾರಿಗೆ ಮಾತ್ರ ಆಮೆಯ ಸೂಪು, ಹಿಟ್ಟಿನ ಗೂಡಿನಲ್ಲಿಟ್ಟ ಗೌಜಲಕ್ಕಿ ಎಂಥ ಕೈಯದ್ದು ಅಂತ ಗೊತ್ತಾಗುತ್ತದೆ. ಅವನು ಹೊಗಳುತ್ತಾನೆ, ಪಕ್ಕದವರು ಹವಾಮಾನದ ಮಾತಾಡುತ್ತಾರೆ. ಸಭೆ ನಗುತ್ತಿತ್ತು. ಚಿಕ್ಕಮ್ಮನಿಗೆ ನಗು ಬರಲಿಲ್ಲ. "ಉಂಡೋರು ಬಾಯಿ ಬಿಡದಿದ್ರೆ ಮಾಡಿದೋಳಿಗೆ ಹೆಂಗೆ ಗೊತ್ತಾಗ್ಬೇಕು? ನಮ್ಮ ಹುಡುಗ್ರು ಬೈಯ್ಯೋದಾದ್ರೂ ಬೈಯ್ತಿದ್ವು" ಎಂದು ಗೊಣಗಿದಳು.

ಬಾಬೆಟ್ ಊಟದ ಕೋಣೆಗೆ ಬರುವುದೇ ಇಲ್ಲ. ಅಡುಗೆಮನೆಯಲ್ಲಿ ಉಳಿಯುತ್ತಾಳೆ. ಕಡೆಯಲ್ಲಿ ಅಕ್ಕತಂಗಿಯರು ಹುಡುಕಿಕೊಂಡು ಬಂದಾಗ, ಪ್ಯಾರಿಸ್ಸಿನ ದೊಡ್ಡ ಹೋಟೆಲಿನ ಮುಖ್ಯ ಅಡುಗೆಯವಳು ತಾನೇ ಆಗಿದ್ದೆ, ಅಲ್ಲಿ ಹನ್ನೆರಡು ಜನರ ಊಟಕ್ಕೆ 10,000 ಫ್ರಾಂಕೇ ಆಗುತ್ತಿತ್ತು, ದುಡ್ಡೆಲ್ಲ ಮುಗಿಯಿತು ಅನ್ನುತ್ತಾಳೆ.

ಆಮೇಲೆ ಸಂವಾದ. ಒಬ್ಬರು ಕಲಾವಿದೆಯ ಆತ್ಮತೃಪ್ತಿ ಅಂದರು, ಇನ್ನೊಬ್ಬರು ಅದು ಪ್ರಸಾದವಲ್ಲವೇ ಅಂದರು, ಮೂರನೆಯವರು ಫ್ರಾಂಕನ್ನು ಇವತ್ತಿನ ರೂಪಾಯಿಗೆ ಲೆಕ್ಕ ಹಾಕಲು ಮೊಬೈಲ್ ತೆಗೆದರು. ಗಡ್ಡದ ಹುಡುಗ ಶನಿವಾರದ ಹಿಟ್ಟಿನ ಋಣಕ್ಕೋ ಏನೋ, ಮೈಕು ತಂದು ಚಿಕ್ಕಮ್ಮನಿಗೆ ಕೊಟ್ಟ. ಅವಳು ಎದ್ದು ನಿಂತಳು.

"ಅಡುಗೆ ಚೆನ್ನಾಗಿ ಮಾಡಿದ್ಲು. ಅಳತೆ ಗೊತ್ತು ಅವ್ಳಿಗೆ, ಕೈ ನಡುಗ್ಲಿಲ್ಲ. ಆ ಚಿಕ್ಕ ಹುಡುಗನ್ನೂ ಚೆನ್ನಾಗಿ ಪಳಗ್ಸಿದ್ಲು. ಆದ್ರೆ ಅಷ್ಟು ಪಾತ್ರೆ ಗುಡ್ಡೆ ಬಿದ್ದಿದ್ವಲ್ಲ, ಅದನ್ನ ತೊಳೆದೋರು ಯಾರು? ತೋರಿಸ್ಲೇ ಇಲ್ಲ."

ದೊಡ್ಡ ಚಪ್ಪಾಳೆ, ದೊಡ್ಡ ನಗು. ಅವಳು ತಮಾಷೆಗೆ ಕೇಳಿರಲಿಲ್ಲ. ಉತ್ತರಕ್ಕೆ ಸ್ವಲ್ಪ ಹೊತ್ತು ನಿಂತಿದ್ದಳು, ಯಾರೂ ಹೇಳದಿದ್ದಾಗ ಮೈಕು ಕೊಟ್ಟು ಕೂತಳು.

ಸೋಮವಾರ

ಅವಳನ್ನು ಊರಿಗೆ ಬಿಟ್ಟು ಬೆಂಗಳೂರಿಗೆ ಹೋಗುವುದು ಅಂತ ಲೆಕ್ಕ. ಗುಬ್ಬಿಯಿಂದ ಆಟೋದಲ್ಲಿ ಹೋಗಿ ಮನೆ ಬಾಗಿಲು ತೆಗೆದಾಗ ಒಂಬತ್ತು ಗಂಟೆ. ನಾಲ್ಕು ದಿನ ಮುಚ್ಚಿದ ಮನೆ, ಬೆಕ್ಕು ಹೊಸ್ತಿಲಲ್ಲಿ ಮಲಗಿತ್ತು. ಚಿಕ್ಕಮ್ಮ ಸೆರಗಿನ ಗಂಟು ಬಿಚ್ಚಿ ಹಲಸಿನ ಬೀಜಗಳನ್ನು ಮೊರದಲ್ಲಿ ಹರವಿ ಬಿಸಿಲಿಗಿಟ್ಟಳು. ಆಮೇಲೆ ಜಗಲಿಯ ಮೇಲೆ ಕಾಲು ಚಾಚಿ ಕೂತು, "ಹೊಟ್ಟೆ ಹಸೀತದೆ. ಉಪ್ಪಿಟ್ಟು ಮಾಡು" ಅಂದಳು.

"ನಾನಾ?"

"ಮತ್ಯಾರು, ಬಾಬೆಟ್ಟಾ? ರವೆ ಬಲಗಡೆ ಡಬ್ಬಿಲಿ ಐತೆ."

ಒಗ್ಗರಣೆ ಸಿಡಿದು ನನ್ನ ಮುಂಗೈಗೆ ತಾಕಿತು. ನೀರಿನ ಅಳತೆ ಕೂಗಿ ಕೇಳಿದೆ. ಜಗಲಿಯಿಂದ ಉತ್ತರ ಬರಲಿಲ್ಲ. ಅಂದಾಜಿನಲ್ಲಿ ಹುಯ್ದು, ರವೆ ಒಮ್ಮೆಗೇ ಸುರಿದೆ. ತಟ್ಟೆಗೆ ಹಾಕಿ ತಂದು ಕೊಟ್ಟೆ.

ಅವಳು ಒಂದು ತುತ್ತು ಬಾಯಿಗಿಟ್ಟು ನನ್ನ ಮುಖ ನೋಡಿದಳು. "ಗಂಟಾಗೈತೆ. ಉಪ್ಪು ಸರಿ ಐತೆ." ಒಂದು ಕಾಳೂ ಬಿಡದೆ ತಿಂದಳು. ನೀರು ಕುಡಿದು, ತಟ್ಟೆಯನ್ನು ನನ್ನ ಕಡೆ ಸರಿಸಿದಳು.

"ಬಾಣಲೆ ನೆನೆಹಾಕಿದ್ದೀಯಾ? ತೊಳೆದಿಟ್ಟು ಹೋಗು. ಹತ್ತೂವರೆಗೆ ಬಸ್ಸೈತೆ."